ಒಂದೇ ಗೇಟಿನ ಮೂರು ಶಾಲೆ

ಚರ್ರ್.

ರಾತ್ರಿ ಹನ್ನೆರಡು ದಾಟಿತ್ತು. ಗೋಡೆಯ ಆಚೆಯಿಂದ ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಚರ್ರ್.

ಇಲಿಯಲ್ಲ. ಮೂರು ರಾತ್ರಿಯಿಂದ ರಹೀಮಾ ಅದನ್ನು ಕೇಳುತ್ತಿದ್ದಳು. ಅದು ಬೂಟಿನ ಪಟ್ಟಿ. ಒತ್ತಿದರೆ ಅಂಟಿಕೊಳ್ಳುತ್ತದೆ, ಎಳೆದರೆ ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತದೆ. ಪಕ್ಕದ ಮನೆಯ ಲಕ್ಷ್ಮಿಯ ಮಗಳು ಅಂಬಿಕಾ ಹೊಸ ಬೂಟನ್ನು ಹಾಸಿಗೆಯಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಎಚ್ಚರವಾದಾಗೆಲ್ಲ ಬಿಚ್ಚುತ್ತಿದ್ದಳು, ಹಾಕುತ್ತಿದ್ದಳು.

ಎರಡೂ ಮನೆಗಳ ನಡುವೆ ಒಂದೇ ಗೋಡೆ. ಶಹಾಬಾದಿನಲ್ಲಿ ಎಲ್ಲರ ಗೋಡೆಯೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡು ಪೇರಿಸಿದ್ದು. ಗಿಲಾವು ಇಲ್ಲದ ಗೋಡೆಯ ಸಂದಿಯಲ್ಲಿ ಕೆಮ್ಮು ಬರುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ. ಈಗ ಬೂಟಿನ ಸದ್ದು ಬರುತ್ತಿತ್ತು.

ರಹೀಮಾಳ ಪಕ್ಕದಲ್ಲಿ ಅಲ್ಮಾಸ್ ಮಲಗಿದ್ದಳು. ಆರು ವರ್ಷ. ಹಿಮ್ಮಡಿ ಒಡೆದಿತ್ತು. ಅವಳ ಚಪ್ಪಲಿಯ ಬಾರಿಗೆ ರಹೀಮಾ ಪಿನ್ನು ಚುಚ್ಚಿ ಕೊಟ್ಟಿದ್ದಳು.

ಆ ಬೂಟು ಸುಟ್ಟು ಹೋಗಲಿ ಎಂದುಕೊಂಡಳು ರಹೀಮಾ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆ ಬರಲಿಲ್ಲ. ಮೊದಲನೆಯ ರಾತ್ರಿ ಬಂದಿತ್ತು.

ಸರ್ಕಾರಿ ಶಾಲೆಗೆ ಒಂದೇ ಗೇಟು. ಒಳಗೆ ಹೋದರೆ ಮೂರು ಬೋರ್ಡು. ಮುಂದೆ ಹೊಸ ಕಟ್ಟಡ, ಇಂಗ್ಲಿಷ್ ಮಾಧ್ಯಮ. ಅಲ್ಲಿ ಬೆಂಚು, ಫ್ಯಾನು, ಗೋಡೆಯ ಮೇಲೆ ಬಣ್ಣದ ಆನೆ. ನಡುವೆ ಹಳೆಯ ಕಟ್ಟಡ, ಕನ್ನಡ ಮಾಧ್ಯಮ. ಹಿಂದೆ, ಮೂತ್ರಿಯ ಪಕ್ಕದಲ್ಲಿ ತಗಡಿನ ಖೋಲಿ, ಉರ್ದು ಮಾಧ್ಯಮ. ಮೂರು ತರಗತಿಗೆ ಒಬ್ಬರೇ ಟೀಚರು. ಮಳೆ ಬಂದರೆ ಮಕ್ಕಳು ಮಾತಾಡುವುದು ಟೀಚರಿಗೆ ಕೇಳುವುದಿಲ್ಲ, ಟೀಚರು ಹೇಳುವುದು ಮಕ್ಕಳಿಗೆ ಕೇಳುವುದಿಲ್ಲ.

ಉರ್ದು ರಹೀಮಾಳ ತಾಯಿಯ ಮಾತು. ರಹೀಮಾ ತಾನೂ ಏಳನೇ ತರಗತಿಯವರೆಗೆ ಅದರಲ್ಲೇ ಓದಿದ್ದಳು. ಅದರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆ ಬೋರ್ಡಿನ ಕೆಳಗೆ ತೂತಿನ ತಗಡು ಹೊದಿಸಿದವರ ಮೇಲೆ ಸಿಟ್ಟಿತ್ತು.

ಯಾವ ಶಾಲೆಯ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಅವಳು ತಿಳಿದುಕೊಂಡಿದ್ದಳು. ಆದರ್ಶ ಶಾಲೆ ಆರನೇ ತರಗತಿಯಿಂದ, ಅದಕ್ಕೆ ಪರೀಕ್ಷೆ. ಮೊರಾರ್ಜಿ ವಸತಿ ಶಾಲೆಗೂ ಪರೀಕ್ಷೆ. ನವೋದಯಕ್ಕೆ ಇಡೀ ಜಿಲ್ಲೆಯ ಮಕ್ಕಳು ಬಂದು ಕೂಡುತ್ತಾರೆ. ಎಲ್ಲದಕ್ಕೂ ಇನ್ನೂ ಐದು ವರ್ಷ ಬೇಕು. ಆ ಐದು ವರ್ಷ ತಗಡಿನ ಕೆಳಗೆ ಕೂತವಳು ಪರೀಕ್ಷೆಯಲ್ಲಿ ಏನು ಬರೆದಾಳು? ಪರೀಕ್ಷೆ ಇಲ್ಲದ ಬಾಗಿಲು ಒಂದೇ ಇತ್ತು. ಮುಂದಿನ ಕಟ್ಟಡದ ಒಂದನೇ ತರಗತಿ. ಮೂವತ್ತು ಸೀಟು. ಫಾರಂ ಕೊಡಬೇಕು, ಚೀಟಿ ಎತ್ತುತ್ತಾರೆ.

ಅವಳು ಮೂರು ಸಲ ಫಾರಂ ಕೇಳಲು ಹೋಗಿದ್ದಳು. ಮೊದಲ ಸಲ ಗುಮಾಸ್ತ ಸುರೇಶಕುಮಾರ, "ಇನ್ನಾ ಬಂದಿಲ್ಲ" ಅಂದ. ಎರಡನೇ ಸಲ, "ನಿಮ್ದು ಉರ್ದು ಶಾಲಿ ಹಿಂದ ಅದಲ್ಲಾ, ಅಲ್ಲೇ ಹಾಕ್ರಿ. ಎಲ್ಲಾರೂ ಮುಂದ ಬಂದ್ರ ಹಿಂದಿಂದು ಮುಚ್ಚಲೇನು?" ಅಂದ. ಮೂರನೇ ಸಲ ತಲೆ ಎತ್ತದೆ, "ತಾರೀಖು ಮುಗದದ" ಅಂದ.

ಹದಿನೈದು ದಿನದ ನಂತರ ಗೇಟಿಗೆ ಪಟ್ಟಿ ಅಂಟಿಸಿದರು. ಹದಿನೇಳನೆಯ ಹೆಸರು ಅಂಬಿಕಾ. ಅಲ್ಮಾಸ್ ಹಿಂದಿನ ತಗಡಿನ ಖೋಲಿಗೇ ಸೇರಿದಳು.

ಲಕ್ಷ್ಮಿಗೆ ಫಾರಂ ಎಲ್ಲಿಂದ ಬಂತು? ಎಂದು ಹೋಗಿ ತಂದಳು? ರಹೀಮಾ ಕೇಳಿರಲಿಲ್ಲ. ಹಲ್ಲುನೋವು ಎಂದು ಲಕ್ಷ್ಮಿ ಅರ್ಧ ದಿನ ಕೆಲಸ ಬಿಟ್ಟ ಮಂಗಳವಾರ ಮಾತ್ರ ಅವಳಿಗೆ ನೆನಪಿತ್ತು. ಮರುದಿನ ಲಕ್ಷ್ಮಿ ಅದೇ ಹಲ್ಲಿನಲ್ಲಿ ಕಡಲೆ ಕಡಿದಿದ್ದಳು.

ಚರ್ರ್.

ರಹೀಮಾ ಕಿವಿಯ ಮೇಲೆ ಓಢನಿ ಸುತ್ತಿಕೊಂಡಳು.

*

ಮುಂಜಾನೆ ಎಂಟಕ್ಕೆ ರಹೀಮಾ, ಲಕ್ಷ್ಮಿ ಇಬ್ಬರೂ ಕೆಲಸಕ್ಕೆ ಅದೇ ಶಾಲೆಯ ಗೇಟು ಹೊಕ್ಕರು. ಇಂಗ್ಲಿಷ್ ಮಾಧ್ಯಮಕ್ಕೆ ಇನ್ನೊಂದು ಖೋಲಿ ಆಗಿತ್ತು. ಅದಕ್ಕೆ ನೆಲ ಹಾಸುವ ಕೆಲಸ. ಮಾರನೆಯ ದಿನ ದೊಡ್ಡ ಸಾಹೇಬರು ಬಂದು ರಿಬ್ಬನ್ನು ಕತ್ತರಿಸುವವರಿದ್ದರು.

ಫರಸಿ ಕಲ್ಲನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ನಾಲ್ಕಡಿ ಉದ್ದ, ಎರಡಡಿ ಅಗಲ. ಇಬ್ಬರು ಹೆಂಗಸರು ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿಯಬೇಕು. ಒಬ್ಬಳು ಹಿಮ್ಮುಖವಾಗಿ ಹಿಂದೆ ಹಿಂದೆ ನಡೆಯುತ್ತಾಳೆ, ಅವಳಿಗೆ ಜಾಗ ಕಾಣುವುದಿಲ್ಲ. ಇನ್ನೊಬ್ಬಳಿಗೆ ಕಾಣುತ್ತದೆ. ಹಸಿ ಗಾರೆಯ ಮೇಲೆ ಕಲ್ಲು ಇಳಿಸುವಾಗ ನಾಲ್ಕೂ ಕೈಯ ಬೆರಳು ಕಲ್ಲಿನ ಕೆಳಗಿರುತ್ತವೆ. ಕಾಣುವವಳು "ಛೋಡ್", ಬಿಡು, ಎನ್ನುತ್ತಾಳೆ. ಇಬ್ಬರೂ ಒಂದೇ ಉಸಿರಿಗೆ ಬೆರಳು ಕೀಳಬೇಕು. ಮೊದಲು ಬಿಟ್ಟವಳಿಗೆ ಏನೂ ಆಗುವುದಿಲ್ಲ. ಇನ್ನೊಬ್ಬಳ ಬೆರಳು ಹೋಗುತ್ತದೆ.

ಅದಕ್ಕೇ ಜೋಡಿಗಳು ಬದಲಾಗುವುದಿಲ್ಲ. ರಹೀಮಾ ಮತ್ತು ಲಕ್ಷ್ಮಿಯದು ಎಂಟು ವರ್ಷದ ಜೋಡಿ. ಇಬ್ಬರೂ ಬಸುರಿಯರಿದ್ದಾಗಲೂ ಏಳನೇ ತಿಂಗಳವರೆಗೆ ಒಂದೇ ಕಲ್ಲು ಹಿಡಿದಿದ್ದರು. ಹೊಟ್ಟೆ ತಾಗುತ್ತದೆ ಎಂದು ಕಲ್ಲನ್ನು ಓರೆ ಹಿಡಿದು, ನಗುತ್ತ ನಡೆದಿದ್ದರು.

ಜಗಳವಾಡಿದವರು ಒಂದು ಕಲ್ಲು ಹಿಡಿಯಬಾರದು. ಅದು ಕೆಲಸದ ಕಟ್ಟಳೆ. ದಿನಾ ಮುಂಜಾನೆ, ಮೊದಲ ಕಲ್ಲಿಗೆ ಕೈ ಹಾಕುವ ಮುಂಚೆ ಮೇಸ್ತ್ರಿ ಪ್ರತಿ ಜೋಡಿಯ ಮುಂದೆ ನಿಂತು ಕೇಳುತ್ತಾನೆ.

ಮೇಸ್ತ್ರಿ ಸಂಗಣ್ಣ ಬಾಯಲ್ಲಿದ್ದ ತಂಬಾಕು ಉಗುಳಿ ಬಂದ. "ಮನಸ ಸಾಫ್ ಅದ?"

"ಸಾಫ್" ಅಂದಳು ಲಕ್ಷ್ಮಿ.

ರಹೀಮಾ ಕಲ್ಲು ನೋಡುತ್ತಿದ್ದಳು.

"ಏ ರಹೀಮಾ, ನಿಂಗ ಕೇಳ್ಲಿಕತ್ತೀನಿ. ಮನಸ ಸಾಫ್ ಅದೋ ಇಲ್ಲೋ?"

"ಸಾಫ್."

ಇಬ್ಬರೂ ಅಂಗೈ ಅಂಗೈ ತಾಗಿಸಿದರು. ಲಕ್ಷ್ಮಿಯ ಅಂಗೈ ಬೆವರಿತ್ತು.

ಕೆಲಸ ಶುರುವಾಯಿತು. ಕಲ್ಲು ಎತ್ತು, ನಡಿ, ಬಾಗು, ಛೋಡ್. ಸೊಂಟದ ಕೆಳಗೆ ಒಂದು ನೋವು ಕೂತಿತ್ತು, ಬಾಗಿದಾಗೆಲ್ಲ ಎದ್ದು ನಿಲ್ಲುತ್ತಿತ್ತು. ಗಾರೆ ಉಗುರಿನ ಸಂದಿ ತಿನ್ನುತ್ತಿತ್ತು. ಮೊದಲೇ ಹಾಸಿ ಒಣಗಿದ ಕಡೆ ಪಾಲಿಶ್ ಮಶೀನು ಒದರುತ್ತಿತ್ತು. ಅದರ ಬೂದು ನೀರು ಕಾಲ ಬೆರಳಿನ ನಡುವೆ ಹರಿದು ಒಣಗಿ ಬಿರಿಯುತ್ತಿತ್ತು.

ಲಕ್ಷ್ಮಿ ಮಾತಾಡುತ್ತಲೇ ಇದ್ದಳು. ಅಂಬಿಕಾಳಿಗೆ ಸೀಟು ಸಿಕ್ಕಾಗಿನಿಂದ ಅವಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

"ನಾಳಿ ಟೈ ಕೊಡ್ತಾರಂತ. ನಾ ಅಂದೆ, ಯವ್ವಾ, ಕೊಳ್ಳಿಗಿ ಕಟ್ಟೂದು ನಮಗ ಎಲ್ಲಿ ಬರ್ತದ, ಟೀಚರಿಗೇ ಕೇಳು ಅಂತ. ಅದಕ್ಕ ರಬ್ಬರ್ ಇರ್ತದಂತ. ಎಳದ್ರ ಬಂತು, ಬಿಟ್ರ ಹೋತು."

"ಹೂಂ."

"ನಿನ್ನಿ ಮನ್ಯಾಗ ನೀರು ಬೇಡಿದ್ಳು ನೋಡು. 'ವಾಟರ್' ಅಂದ್ಳು. ಅವ್ರಪ್ಪ ಗಾಬರಿ ಆಗಿ ಎದ್ದು ಕುಂತ."

ಬೇರೆ ದಿನವಾಗಿದ್ದರೆ ರಹೀಮಾ ನಗುತ್ತಿದ್ದಳು. ಆ ಮಾತಿಗೆ ನಗು ಬಂದಿತ್ತು ಕೂಡ. ಹಲ್ಲು ಕಚ್ಚಿ ತಡೆದಳು. ಟೈ. ವಾಟರ್. ಬೂಟಿನ ಪಟ್ಟಿ. ಒಂದೊಂದೂ ಎಣಿಸಿ ಒಳಗಿಟ್ಟುಕೊಂಡಳು. ಯಾಕೆ ಅವಳ ಮಗಳಿಗೆ? ಅಂಬಿಕಾ ಜಾಣೆಯೇ? ಅಲ್ಮಾಸ್ ನಾಲ್ಕರ ಮಗ್ಗಿ ಹೇಳುತ್ತಾಳೆ, ಅಂಬಿಕಾ ಎರಡರ ಮಗ್ಗಿಯಲ್ಲೇ ಎಡವುತ್ತಾಳೆ. ಲಕ್ಷ್ಮಿ ನನಗಿಂತ ಮೇಲಿನವಳೇ? ಅದೇ ಕಲ್ಲು, ಅದೇ ಗಾರೆ, ಅದೇ ಬೆನ್ನು. ಒಂದು ಫಾರಂ. ಒಂದು ಹಾಳೆಯಷ್ಟೇ ವ್ಯತ್ಯಾಸ.

ಮಧ್ಯಾಹ್ನ ಊಟದ ಗಂಟೆ ಬಾರಿಸಿದರು. ಹಿಂದಿನ ನಲ್ಲಿಯಲ್ಲಿ ತಟ್ಟೆ ತೊಳೆದುಕೊಂಡ ಅಲ್ಮಾಸ್ ತಾಯಿಯನ್ನು ಹುಡುಕಿಕೊಂಡು ಬಂದಳು. ಬರಿಗಾಲು, ಒದ್ದೆ. ಪಾಲಿಶ್ ಆದ ನೆಲ ಕನ್ನಡಿಯ ಹಾಗೆ ಕಂಡಿತು. ಅವಳು ಮೇಲೆ ಹತ್ತಿ ಬಾಗಿ ತನ್ನ ಮುಖ ನೋಡಿಕೊಂಡಳು.

"ಅಮ್ಮೀ, ಇದರಾಗ ನಾ ಕಾಣ್ತೀನಿ!"

"ಏ ಉರ್ದು!"

ಸುರೇಶಕುಮಾರ ಬಾಗಿಲಲ್ಲಿ ನಿಂತಿದ್ದ. ಆ ಶಾಲೆಯಲ್ಲಿ ಮಕ್ಕಳಿಗೆ ಹೆಸರಿರಲಿಲ್ಲ. ಏ ಉರ್ದು, ಏ ಕನ್ನಡ ಎಂದೇ ಕರೆಯುತ್ತಿದ್ದ. ಮುಂದಿನ ಕಟ್ಟಡದವರಿಗೆ ಮಾತ್ರ ಹೆಸರಿತ್ತು.

"ಯಾರ್ ಹೇಳ್ಯಾರ ನಿಂಗ ಇಲ್ಲಿ ಬರ್ಲಾಕ? ನೋಡು, ಹೆಜ್ಜಿ ಮೂಡ್ಯಾವ. ವರಸು."

ಅಲ್ಮಾಸ್ ಸುತ್ತ ನೋಡಿದಳು. ಬಟ್ಟೆ ಇರಲಿಲ್ಲ.

"ಏನ್ ನೋಡ್ತಿ? ಫ್ರಾಕ್ ಅದಲ್ಲ, ಅದರ್ಲೇ ವರಸು."

ಮಗು ಮಂಡಿಯೂರಿತು. ಫ್ರಾಕಿನ ಅಂಚು ಹಿಡಿದು ಒಂದೊಂದೇ ಹೆಜ್ಜೆ ಒರೆಸಿತು. ಒರೆಸುತ್ತ ಹಿಂದೆ ಸರಿದರೆ ಹೊಸ ಹೆಜ್ಜೆ ಮೂಡುತ್ತಿತ್ತು. ಅದನ್ನೂ ಒರೆಸಿತು. ಮುಂದಿನ ಖೋಲಿಯ ಕಿಟಕಿಯಲ್ಲಿ ಮಕ್ಕಳು ಗುಂಪುಗೂಡಿ ನೋಡಿದರು. ಅವರಲ್ಲಿ ಅಂಬಿಕಾ ಇದ್ದಳು. ಎರಡು ಜಡೆ, ಕೆಂಪು ರಿಬ್ಬನ್ನು.

ಆ ನೆಲದ ಒಂದೊಂದು ಕಲ್ಲನ್ನೂ ಹೊತ್ತವಳು ರಹೀಮಾ. ಅವಳ ಬೆವರು ಬಿದ್ದಾಗ ಕಲ್ಲು ಹೊಲಸಾಗಲಿಲ್ಲ. ಮಗಳ ಅಂಗಾಲು ಬಿದ್ದರೆ ಹೊಲಸು. ಹೇಳಬೇಕೆಂದುಕೊಂಡಳು. ಹೇಳಿದರೆ ನಾಳೆ ಕೆಲಸವಿರುವುದಿಲ್ಲ. ಹೇಳಲಿಲ್ಲ.

ಲಕ್ಷ್ಮಿ ಹೇಳಿದಳು. ತಗ್ಗಿದ ದನಿಯಲ್ಲಿ, ಕೂಸನ್ನು ಅಲ್ಲಿಂದ ಬಿಡಿಸಲೆಂದೇ ಹೇಳಿದಳೇನೋ. "ಹೋಗವ್ವ ಅಲ್ಮಾಸ್, ಹಿಂದ ಹೋಗು. ಇದು ನಿಮ್ದಲ್ಲ."

ಇದು ನಿಮ್ದಲ್ಲ.

ಗುಮಾಸ್ತನ ಮಾತು ರಹೀಮಾಳ ಚರ್ಮದ ಮೇಲೆ ಬಿದ್ದಿತ್ತು. ಈ ಮಾತು ಒಳಗಿಳಿಯಿತು.

*

ಮೂರೂವರೆಗೆ ಇನ್ನೂ ಆರು ಕಲ್ಲು ಉಳಿದಿದ್ದವು. ಲಕ್ಷ್ಮಿ ಹಿಂದೆ ಹಿಂದೆ ನಡೆಯುತ್ತಿದ್ದಳು. ಜಾಗ ಕಾಣುತ್ತಿದ್ದದ್ದು ರಹೀಮಾಳಿಗೆ. ಪಾಲಿಶ್ ಮಶೀನು ಒದರುತ್ತಿತ್ತು. ಇಬ್ಬರೂ ಬಾಗಿದರು. ಲಕ್ಷ್ಮಿ ಎಂದಿನಂತೆ ಅವಳ ತುಟಿ ನೋಡುತ್ತ ನಿಂತಳು. ಮಶೀನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ತುಟಿ ನೋಡಿಯೇ ಬಿಡಬೇಕು.

ರಹೀಮಾ ಬಾಯಿ ತೆರೆಯಲಿಲ್ಲ. ಬೆರಳು ತೆರೆದಳು.

ಅರ್ಧ ಉಸಿರಿನಷ್ಟು ಹೊತ್ತು. ಅಷ್ಟೇ.

ಲಕ್ಷ್ಮಿ ಕೂಗಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ಸದ್ದು. ಗಾರೆ ಕಲಸುತ್ತಿದ್ದ ಮುದುಕಿ ಲಾಲಮ್ಮ ಬುಟ್ಟಿ ಎಸೆದು ಓಡಿ ಬಂದಳು. ಅವಳೂ ರಹೀಮಾಳೂ ಸೇರಿ ಕಲ್ಲು ಎತ್ತಿದರು. ಲಕ್ಷ್ಮಿಯ ಬಲಗೈಯ ನಡುವಿನ ಎರಡು ಬೆರಳು ಚಪ್ಪಟೆಯಾಗಿದ್ದವು. ಉಗುರು ಇದ್ದಲ್ಲಿ ಉಗುರಿರಲಿಲ್ಲ. ಕಲ್ಲಿನ ಅಂಚಿನಿಂದ ರಕ್ತ ಇಳಿದು ನಡುವಿಗೆ ಹರಿಯಿತು.

ಮಶೀನು ನಿಂತಿತು. ಸುರೇಶಕುಮಾರ ಬಂದ. ಲಕ್ಷ್ಮಿಯ ಕೈ ನೋಡಿದ. ಆಮೇಲೆ ಕಲ್ಲು ನೋಡಿದ. ಕಲ್ಲನ್ನೇ ಹೆಚ್ಚು ಹೊತ್ತು ನೋಡಿದ.

"ಥೂ. ನಾಳಿ ಸಾಹೇಬರು ಬರ್ತಾರ. ಏ ರಹೀಮಾ, ಆಕಿ ಕಡಿ ಮೇಸ್ತ್ರಿ ನೋಡ್ತಾನ. ನೀ ಮೊದ್ಲ ಇದನ್ನ ತೊಳಿ. ಒಣಗಿದ್ರ ಹೋಗಂಗಿಲ್ಲ."

ರಹೀಮಾ ತನ್ನ ಓಢನಿ ಹರಿದು ಲಕ್ಷ್ಮಿಯ ಕೈಗೆ ಸುತ್ತುತ್ತಿದ್ದಳು.

"ಕೇಳ್ತದಿಲ್ಲ? ಹೋಗ್ಲಿ ಬಿಡು, ರಕ್ತದ ಕಲಿ ಹತ್ತಿದ್ದು ಇಲ್ಲಿಗಿ ಬ್ಯಾಡೇ ಬ್ಯಾಡ. ಇದನ್ನ ಹಿಂದ ಉರ್ದು ಖೋಲಿಗಿ ಹಾಕ್ರಿ. ಇಲ್ಲಿಗಿ ಬ್ಯಾರೆ ತರ್ರಿ."

ರಹೀಮಾ ತಲೆ ಎತ್ತಿದಳು.

"ಎಲ್ಲಿಗಿ?"

"ಉರ್ದು ಖೋಲಿಗಿ. ಅಲ್ಲಿ ಹೆಂಗೂ ಮಣ್ಣ ನೆಲ ಅದ. ನಿಮ್ಮ ಹುಡುಗಿ ಕುಂದ್ರಲಾಕ ಕಲ್ಲಾದ್ರೂ ಸಿಗ್ತದ."

"ಹಾಕಂಗಿಲ್ಲ."

"ಏನಂದಿ?"

"ಹಾಕಂಗಿಲ್ಲ. ತೊಳಿಯಂಗೂ ಇಲ್ಲ." ರಹೀಮಾ ಎದ್ದು ನಿಂತಳು. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ನನ್ನ ಮಗಳ ಹೆಜ್ಜಿ ನೀರಿನ ಹೆಜ್ಜಿ. ಅದನ್ನ ಫ್ರಾಕಿಲೆ ವರಸಿಸಿದಿ. ಇದು ನಿಮ್ಮ ಶಾಲಿ ಹುಡುಗಿ ತಾಯಿ ರಕ್ತ ಅದ. ನೀ ವರಸು. ಅಂಗಿ ಅದಲ್ಲ, ಅದರ್ಲೇ ವರಸು."

"ನಾಳಿ ಕೆಲಸಕ್ಕ ಹೆಂಗ್ ಬರ್ತಿ ನೋಡ್ತೀನಿ!"

"ಬರಂಗಿಲ್ಲ. ನಿಮ್ಮ ಸಾಹೇಬಗ ಹೇಳು, ಉಳದ ಕಲ್ಲ ಆಂವಾ ಎತ್ತಲಿ."

ಲಾಲಮ್ಮ ಗಾರೆಯ ಕೈ ಸೀರೆಗೆ ಒರೆಸಿಕೊಂಡಳು. ಸನಿಕೆ ಎತ್ತಿ ಗೋಡೆಗೆ ಒರಗಿಸಿದಳು. "ನಂದೂ ಮುಗೀತು" ಅಂದಳು. ಇನ್ನೊಂದು ಜೋಡಿ ಕಲ್ಲು ಹಿಡಿದುಕೊಂಡೇ ನಿಂತಿತ್ತು. ಅವರೂ ಕಲ್ಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು.

ಖೋಲಿಯ ನಡುವೆ ಆರು ಕಲ್ಲಿನಷ್ಟು ಹಸಿ ಗಾರೆ ತೆರೆದೇ ಉಳಿಯಿತು.

*

ದವಾಖಾನೆಯಲ್ಲಿ ಬೆರಳಿಗೆ ಹೊಲಿಗೆ ಹಾಕಿದರು. ಒಂದು ಬೆರಳು ಉಳಿಯುವುದು ಕಷ್ಟ ಎಂದರು. ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ನೋವಿಗೆ ಹಾಕಿದ ಸೂಜಿಯಿಂದ ಲಕ್ಷ್ಮಿಯ ಕಣ್ಣು ಮಂಜಾಗಿತ್ತು.

"ರಹೀಮಾ, ನಾ ಎರಡು ಫಾರಂ ತಂದಿದ್ದೆ."

ರಹೀಮಾ ಅವಳತ್ತ ತಿರುಗಲಿಲ್ಲ.

"ಹಲ್ಲುಬ್ಯಾನಿ ಅಂದೆನಲ್ಲ, ಅವತ್ತೇ. ಒಂದು ನಂದು, ಒಂದು ನಿಂದು. ನಿನ್ನ ಬಾಗಿಲ ತನಾ ಬಂದೆ. ಅರವತ್ತು ಮಂದಿ ಹಾಕ್ಯಾರ, ಮೂವತ್ತು ಸೀಟ ಅದಾವ ಅಂತ ಅಂದಿದ್ದ ಗುಮಾಸ್ತ. ಅಲ್ಮಾಸಳದು ಒಂದು ಚೀಟಿ ಕಮ್ಮಿ ಇದ್ರ ನನ್ನ ಕೂಸಿಗಿ ಅಷ್ಟು ಆಸರ ಆಗ್ತದ ಅಂತ..." ಅವಳು ಉಗುಳು ನುಂಗಿದಳು. "ಅಕ್ಕಿ ಡಬ್ಬಿ ಕೆಳಗ ಇನ್ನಾ ಅದ. ಸುಡ್ಲಿಕ್ಕೂ ಆಗಲಿಲ್ಲ."

ಹಾಳೆ ಗೋಡೆಯ ಆಚೆಯೇ ಇತ್ತು. ಬೂಟಿನ ಸದ್ದು ಕೇಳುತ್ತಿದ್ದ ಗೋಡೆಯ ಆಚೆಯೇ.

"ಸೀಟ ಸಿಕ್ಕು ಏನ್ ಬಂತು?" ಲಕ್ಷ್ಮಿ ಅಂದಳು. "ಮೊನ್ನಿ ಮೀಟಿಂಗಿಗಿ ಹೋದ್ರ ಆಂವಾ ಬಾಗಿಲದಾಗೇ ನಿಂದರಿಸಿದ. 'ಕಲ್ಲಿನ ಧೂಳಾಗ ಬರಬ್ಯಾಡ, ನಿನ್ನ ಗಂಡಗ ಕಳಿಸು' ಅಂದ. ನಿನ್ನ ಮುಂದ ಹೇಳಲಿಲ್ಲ. ನೀ ನಗ್ತಿ ಅಂತ."

ನಗುತ್ತಿದ್ದೆ, ಅಂದುಕೊಂಡಳು ರಹೀಮಾ. ಖಂಡಿತ ನಗುತ್ತಿದ್ದೆ. ಮೂವತ್ತು ಸೀಟು ಇಟ್ಟು ಅರವತ್ತು ತಾಯಂದಿರನ್ನು ಒಬ್ಬರ ಮೇಲೊಬ್ಬರನ್ನು ಬಿಟ್ಟವನು ಎಲ್ಲೋ ಫ್ಯಾನಿನ ಕೆಳಗೆ ಕೂತಿದ್ದ. ಅವನ ಬೆರಳು ಹತ್ತೂ ಇದ್ದವು.

"ನೀ ಛೋಡ್ ಅನ್ನಲಿಲ್ಲ" ಅಂದಳು ಲಕ್ಷ್ಮಿ. ಮೆಲ್ಲಗೆ. "ನಾ ನಿನ್ನ ತುಟೀನೇ ನೋಡ್ಲಿಕತ್ತಿದ್ದೆ."

ಅಷ್ಟರಲ್ಲಿ ಸಂಗಣ್ಣ ಬಂದ. ಕೈಯಲ್ಲಿ ಹಾಳೆ, ಶಾಯಿಯ ಡಬ್ಬಿ. ಅವನ ಹಿಂದೆ ಸುರೇಶಕುಮಾರ.

"ಗುತ್ತೇದಾರ ಕಳಿಸ್ಯಾನ" ಸಂಗಣ್ಣ ತಲೆ ತಗ್ಗಿಸಿ ಹೇಳಿದ. "ತಮ್ಮ ತಮ್ಮ ಜಗಳದಾಗ ಕಲ್ಲ ಬಿಟ್ಟಾರ ಅಂತ ಬರದದ. ಹೆಬ್ಬಟ್ಟ ಹಾಕ್ರಿ."

"ಸೀಟಿನ ಸಲುವಾಗಿ ಇಬ್ಬರಿಗೂ ಜಗಳ ಇತ್ತು" ಅಂದ ಸುರೇಶಕುಮಾರ. "ಓಣಿ ಮಂದಿಗಿ ಗೊತ್ತದ. ಹೌದಿಲ್ಲ? ಈಕಿ ಬೇಕಂತ ಬಿಟ್ಟಾಳ. ಹೇಳು ಲಕ್ಷ್ಮಿ, ಹೆದರಬ್ಯಾಡ. ನಿನ್ನ ಹುಡುಗಿ ನಮ್ಮ ಶಾಲ್ಯಾಗ ಅದಾಳ, ನಾವು ನಿನ್ನ ಕಡಿ ಅದೀವಿ."

ರಹೀಮಾ ತನ್ನ ಹತ್ತು ಬೆರಳು ನೋಡಿಕೊಂಡಳು. ಲಕ್ಷ್ಮಿಯ ಒಂದು ಮಾತು ಸಾಕಿತ್ತು. ಅವನು ಹೇಳಿದ್ದು ನಿಜವಾಗಿತ್ತು. ಅಂಥವನ ಬಾಯಲ್ಲಿ ನಿಜ ಬಂದಿತ್ತು.

ಲಕ್ಷ್ಮಿ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡಳು. "ಮೇಸ್ತ್ರಿ, ಮುಂಜಾನಿ ನೀನೇ ಕೇಳಿದಿ. ನಾ ಏನಂದೆ?"

"ಸಾಫ್ ಅಂದಿ."

"ಸಾಫೇ ಇತ್ತು. ಗಾರಿ ಹಸಿ ಇತ್ತು, ಕಲ್ಲ ಜಾರ್ತು. ನೀವು ಲಗೂನ ಲಗೂನ ಅಂತ ಮುಂಜಾನಿಂದ ಬೆನ್ನ ಹತ್ತಿದ್ರಿ. ಅದನ್ನ ಬರಿ, ಹೆಬ್ಬಟ್ಟ ಹಾಕ್ತೀನಿ."

ಸಂಗಣ್ಣ ರಹೀಮಾಳ ಕಡೆ ತಿರುಗಿದ. ಎಂಟು ವರ್ಷದಿಂದ ಅವಳ ಕೆಲಸ ಕಂಡವನು. ಅವನ ಕಣ್ಣಿನಲ್ಲಿ ಅನುಮಾನವಿತ್ತು.

"ನೀ ಏನಂತಿ?"

"ಸಾಫ್" ಅಂದಳು ರಹೀಮಾ.

ಸಂಗಣ್ಣ ಹಾಳೆ ಮಡಿಚಿ ಕಿಸೆಗೆ ಹಾಕಿಕೊಂಡ. "ನಡೀರಿ ಗುಮಾಸ್ತರ" ಅಂದ. "ಕಲ್ಲ ಜಾರಿದ್ದಂತ."

*

ರಾತ್ರಿ ವಾಡಿ ಜಂಕ್ಷನ್ನಿನಿಂದ ಲೋಡಿಂಗ್ ಕೆಲಸ ಮುಗಿಸಿ ರಹೀಮಾಳ ಗಂಡ ಮುಕ್ರಮ ಬಂದ. ಸುದ್ದಿ ಅವನಿಗೆ ರೈಲಿನಲ್ಲೇ ಸಿಕ್ಕಿತ್ತು. ಗುಮಾಸ್ತನಿಗೆ ಅಂಗಿಯಲ್ಲಿ ಒರೆಸು ಅಂದದ್ದನ್ನು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. "ಖರೇ ಹಂಗ ಅಂದಿ?" ಎಂದು ಅವನು ಎರಡು ಸಲ ಕೇಳಿ ನಕ್ಕ. ಆಮೇಲೆ ತಟ್ಟೆಯ ಮುಂದೆ ಕೂತು ಕೇಳಿದ, "ಅದಿರ್ಲಿ, ಎಂಟು ವರ್ಷ ಆಗದ್ದು ಇವತ್ತ ಹೆಂಗಾಯ್ತು?"

ರಹೀಮಾ ರೊಟ್ಟಿ ಹಾಕಿದಳು. "ಗಾರಿ ಹಸಿ ಇತ್ತು."

ಅಲ್ಮಾಸ್ ಮಲಗಿದ್ದಳು. ಫ್ರಾಕಿನ ಅಂಚಿನಲ್ಲಿ ಬೂದು ಬಣ್ಣ ಉಳಿದಿತ್ತು. ರಹೀಮಾ ಅದನ್ನು ಮೂರು ಸಲ ಒಗೆದಿದ್ದಳು.

ಗೋಡೆಯ ಆಚೆ ಲಕ್ಷ್ಮಿ ನರಳುತ್ತಿದ್ದಳು. ಅವಳ ಗಂಡ ನೀರು ಕುಡಿಸುತ್ತಿದ್ದ. ಎಲ್ಲ ಸುಮ್ಮನಾಯಿತು. ಆಮೇಲೆ, ಬಹಳ ಹೊತ್ತಿನ ಮೇಲೆ, ಚರ್ರ್.

ರಹೀಮಾಳ ಎದೆ ಮತ್ತೆ ಉರಿಯಿತು. ಎರಡು ಬೆರಳು ಜಜ್ಜಿದರೂ ಆ ಉರಿ ಹೋಗಿರಲಿಲ್ಲ. ಆ ಬೂಟು ಇನ್ನೂ ಅವಳಿಗೆ ಬೇಕಿತ್ತು, ತನ್ನ ಮಗಳ ಕಾಲಿಗೆ ಬೇಕಿತ್ತು.

ಅವಳು ತನ್ನ ಬಲಗೈಯನ್ನು ಹೊದಿಕೆಯ ಕೆಳಗೆ ಮುಚ್ಚಿಕೊಂಡಳು. ಮುಕ್ರಮನಿಗೆ ಹೇಳುವುದಿಲ್ಲ. ಮೇಸ್ತ್ರಿಗೆ ಹೇಳುವುದಿಲ್ಲ. ನಾಳೆ ಸಾಹೇಬರೇ ಬಂದು ಕೇಳಿದರೂ ಹೇಳುವುದಿಲ್ಲ. ಲಕ್ಷ್ಮಿ ಹೇಳಲಿಲ್ಲವಲ್ಲ. ಇನ್ನು ಈ ಗುಟ್ಟಿನ ಕಲ್ಲನ್ನೂ ಇಬ್ಬರೇ ಹಿಡಿಯಬೇಕು, ಆ ತುದಿಗೊಬ್ಬರು, ಈ ತುದಿಗೊಬ್ಬರು. ಛೋಡ್ ಎಂದು ಯಾರೂ ಹೇಳುವ ಹಾಗಿಲ್ಲ.